ಆರನೇ ನಂಬರಿಗೆ ಹಾರ

ಗುರುವಾರ ಸಂಜೆ ಕಲ್ಲಿನಾಥನ ಅಂಗಿ ಕಾಣೆಯಾಯಿತು.

ಅದು ಆಫೀಸಿನ ಅಂಗಿಯಲ್ಲ. ಬೆನ್ನ ಮೇಲೆ ಗೇಣುದ್ದದ ಬಿಳಿ ಆರು ಹೊಲಿದಿದ್ದ ಕಡುನೀಲಿ ಜೆರ್ಸಿ. ಡೆಟ್ರಾಯಿಟ್ ಪಕ್ಕದ ನೋವೈ ಊರಿನ ಕನ್ನಡದವರ ಸಾಫ್ಟ್‌ಬಾಲ್ ತಂಡ ಹುಟ್ಟಿದ ದಿನದಿಂದ, ಅಂದರೆ ಹತ್ತೊಂಬತ್ತು ವರ್ಷದಿಂದ, ಆ ನಂಬರನ್ನು ಅವನೊಬ್ಬನೇ ತೊಟ್ಟವನು. ಬಟ್ಟೆ ಮೂರು ಸಲ ಬದಲಾಗಿತ್ತು. ಅಂಕಿ ಬದಲಾಗಿರಲಿಲ್ಲ. ಶನಿವಾರ ಷಿಕಾಗೋ ಕಡೆಯ ಕನ್ನಡದವರ ಮೇಲೆ ವರ್ಷದ ಪಂದ್ಯ. ಈ ಸಲ ಅವರ ಕಡೆಯ ಎಲ್ಕ್ ಗ್ರೋವ್ ವಿಲೇಜ್ ಎಂಬ ಊರಿನಲ್ಲಿ. ಇನ್ನೆರಡು ದಿನ ಇರುವಾಗ ಅಂಗಿ ಇಲ್ಲ ಅಂದರೆ ಏನರ್ಥ?

"ಡ್ರೈಯರಿನಾಗ ನೋಡ್ರಿ" ಅಂದಳು ಹೆಂಡತಿ ಶ್ರೀಲತಾ, ಕೊತ್ತಂಬರಿ ಸೋಸುತ್ತ. ತಲೆ ಎತ್ತಲಿಲ್ಲ.

"ನೋಡೇನಿ."

"ಕಾರಿನ ಡಿಕ್ಕ್ಯಾಗ?"

"ಅಲ್ಲೂ ನೋಡೇನಿ. ಅಂಗಿಗೇನು ಕಾಲು ಬಂದಾವೇನು?"

"ಬಂದಿರಬೇಕ್ರಿ. ನಿಮ್ಮ ಬೆವರಿನ ವಾಸನಿಗೆ ಹೆದರಿ ಓಡಿ ಹೋಗಿರಬೇಕು."

ಅನುಮಾನ ಹುಟ್ಟಿದ್ದೇ ಅಲ್ಲಿ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವನ ಯಾವ ವಸ್ತು ಕಳೆದರೂ ಶ್ರೀಲತಾ ಮೊದಲು ಬೈಯುತ್ತಿದ್ದಳು, ಆಮೇಲೆ ಎದ್ದು ಹೋಗಿ ಎರಡು ನಿಮಿಷದಲ್ಲಿ ಹುಡುಕಿ ತಂದು ಮುಖಕ್ಕೆ ಎಸೆಯುತ್ತಿದ್ದಳು. ಇವತ್ತು ಬೈಯಲಿಲ್ಲ, ಏಳಲೂ ಇಲ್ಲ. ಜೋಕು ಮಾಡಿದಳು.

ಕಲ್ಲಿನಾಥ ಕೆಟಲಿನಿಂದ ಚಹಾ ಬಗ್ಗಿಸಿಕೊಂಡ. ಕಪ್ಪಿನ ಎಡಕ್ಕೆ ಒಂದಿಷ್ಟು ಚೆಲ್ಲಿತು. "ಈ ಟೇಬಲ್ಲು ವಾಲೇತಿ" ಅಂದ. ಶ್ರೀಲತಾ ಸುಮ್ಮನೆ ಬಟ್ಟೆ ತಂದು ಒರೆಸಿದಳು. ಟೇಬಲ್ಲಿನ ಮಾತು ಇದು ಮೊದಲಲ್ಲ. ಮೂರು ವಾರದ ಹಿಂದೆ ಅವನು ಪ್ಲಿಮತ್ತಿನ ಆಫೀಸಿನಿಂದ ಸಮಮಟ್ಟದ ಉಪಕರಣ ತಂದು ಇಟ್ಟು ನೋಡಿದ್ದ. ಗಾಜಿನ ನಳಿಗೆಯ ಗುಳ್ಳೆ ಸರಿಯಾಗಿ ನಡುವೆ ನಿಂತಿತ್ತು, ಅಂದರೆ ಟೇಬಲ್ಲು ಸಮ. ಹಾಗಾದರೆ ಉಪಕರಣವೇ ಕೆಟ್ಟಿದೆ ಎಂದು ಅದನ್ನು ವಾಪಸು ಕೊಟ್ಟಿದ್ದ.

ಅವನ ಕೆಲಸವೇ ಅಂಥದ್ದು. ಗದಗಿನ ಕಡೆಯವನು, ಐವತ್ತೇಳು ವಯಸ್ಸು, ಕಾರಿನ ಬಿಡಿಭಾಗ ಒತ್ತುವ ಅಚ್ಚುಗಳ ಇಂಜಿನಿಯರ್. ಅಚ್ಚು ಒಂದು ಕೂದಲೆಳೆ ತಪ್ಪಿದರೂ ಎಲ್ಲೋ ಯಾರೋ ಸುಳ್ಳು ಹೇಳಿದ್ದಾರೆ ಅಂತಲೇ ಲೆಕ್ಕ. ಮನುಷ್ಯರನ್ನೂ ಅವನು ಹಾಗೇ ಅಳೆಯುತ್ತಿದ್ದ.

ಅಂಗಿಯೊಂದೇ ಆಗಿದ್ದರೆ ಬಿಡಬಹುದಿತ್ತು. ಹೋದ ಭಾನುವಾರ ಬಾಲಾಜಿ ಗುಡಿಯ ಕ್ಯಾಂಟೀನಿನಲ್ಲಿ ತಂಡದ ಕ್ಯಾಪ್ಟನ್ ಪ್ರಸಾದ್ ಎದುರಿಗೆ ಕೂತು ಇಡ್ಲಿ ತಿನ್ನುತ್ತಿದ್ದ. ಫೋನು ಗುಂಯ್ ಅಂದಿತು. ಪ್ರಸಾದ್ ಅದನ್ನು ತಟ್ಟನೆ ಬೋರಲು ಹಾಕಿದ. ಆದರೆ ಅಷ್ಟರಲ್ಲಿ ಕಲ್ಲಿನಾಥ ಓದಿಯಾಗಿತ್ತು. ವಾಟ್ಸಾಪ್ ಗುಂಪಿನ ಹೆಸರು: ನಂಬರ್ ಆರು.

"ಯಾವ ಗ್ರೂಪಪ್ಪಾ ಅದು?"

"ಯಾವ್ದು ಸರ್? ಓ, ಅದಾ... ಆಫೀಸಿಂದು ಸರ್. ಪ್ರಾಜೆಕ್ಟ್ ಸಿಕ್ಸ್ ಅಂತ."

"ಆಫೀಸಿನ ಪ್ರಾಜೆಕ್ಟಿಗೆ ಕನ್ನಡದಾಗ ಹೆಸರಿಡ್ತಾರೇನು?"

ಪ್ರಸಾದ್ ಇಡ್ಲಿಯನ್ನು ಅಗಿಯದೇ ನುಂಗಿ ನೀರು ಕುಡಿದ. ಮೈಸೂರಿನವರಿಗೆ ಸುಳ್ಳು ಹೇಳಲು ಬರುವುದಿಲ್ಲ, ಬರುತ್ತದೆ ಅಂದುಕೊಂಡಿರುತ್ತಾರೆ.

ಬುಧವಾರದ ಪ್ರಾಕ್ಟೀಸಿನಲ್ಲಿ ಇನ್ನೊಂದು. ಕಲ್ಲಿನಾಥನ ಜಾಗ ಫಸ್ಟ್ ಬೇಸ್. ಬ್ಯಾಟು ಬೀಸಿದವನು ಮೊದಲು ಓಡಿ ಮುಟ್ಟಬೇಕಾದ ಚೌಕ ಅದು. ಅಲ್ಲಿ ನಿಂತವನ ಕೆಲಸ, ಉಳಿದವರು ಎಸೆದ ಚೆಂಡನ್ನು ಓಡುವವನಿಗಿಂತ ಮೊದಲು ಹಿಡಿಯುವುದು. ಅವತ್ತು ಅವನು ಹೋಗುವಷ್ಟರಲ್ಲಿ ಅಲ್ಲಿ ತೇಜಸ್ವಿನಿ ನಿಂತಿದ್ದಳು. ಎರಡು ವರ್ಷದ ಹಿಂದೆ ಅವನೇ ಕೈ ಹಿಡಿದು ಕಲಿಸಿದ ಹುಡುಗಿ.

"ಅಂಕಲ್, ನೀವಿವತ್ತು ರೆಸ್ಟ್ ಮಾಡಿ. ತುಂಬಾ ಬಿಸಿಲು. ತೊಂಬತ್ನಾಲ್ಕು ಫ್ಯಾರನ್‌ಹೀಟ್ ಇದೆ."

"ನಾ ಹುಟ್ಟಿದೂರಾಗ ಇದಕ್ಕ ಚಳಿಗಾಲ ಅಂತಾರ. ಸರಿ ಆ ಕಡೆ."

ಅವಳು ಸರಿದಳು. ಆದರೆ ಸರಿಯುವ ಮೊದಲು ಪ್ರಸಾದನ ಮುಖ ನೋಡಿದಳು. ಅದನ್ನು ಕಲ್ಲಿನಾಥ ನೋಡಿದ.

ಗುಂಪು, ಫಸ್ಟ್ ಬೇಸ್, ಈಗ ಅಂಗಿ. ಮೂರೂ ಒಂದೇ ಕಡೆ ಬೆರಳು ತೋರುತ್ತಿದ್ದವು.

ಈ ಆರನೆಯ ನಂಬರಿಗೆ ಒಂದು ಕಥೆಯಿದೆ. ಅವನು ಮಿಶಿಗನ್ನಿಗೆ ಬಂದ ಹೊಸದರಲ್ಲಿ ವಾಲ್ಟ್ ಎಂಬ ಮುದಿ ಫೋರ್‌ಮನ್ ಅವನನ್ನು ಡೆಟ್ರಾಯಿಟ್ಟಿನ ಬೇಸ್‌ಬಾಲ್ ಮೈದಾನಕ್ಕೆ ಕರೆದೊಯ್ದಿದ್ದ. ದೂರದ ಇಟ್ಟಿಗೆ ಗೋಡೆಯ ಮೇಲೆ ಕೆಲವು ಹೆಸರು, ಪಕ್ಕದಲ್ಲಿ ಅಂಕಿಗಳು. ಎರಡು, ಐದು, ಆರು. ದೊಡ್ಡ ಆಟಗಾರ ಆಟ ಬಿಟ್ಟ ಮೇಲೆ ಅವನ ನಂಬರನ್ನು ಆ ತಂಡದಲ್ಲಿ ಇನ್ಯಾರಿಗೂ ಕೊಡುವುದಿಲ್ಲ, ನಂಬರಿಗೂ ನಿವೃತ್ತಿ, ಎಂದ ವಾಲ್ಟ್. ಆರು ಅಲ್ ಕೇಲೈನ್ ಎಂಬವನದು, ಇಪ್ಪತ್ತೆರಡು ವರ್ಷ ಒಂದೇ ತಂಡಕ್ಕೆ ಆಡಿದ. ಒಂದು ಹೆಸರಿನ ಪಕ್ಕದಲ್ಲಿ ಅಂಕಿಯೇ ಇರಲಿಲ್ಲ. ಟೈ ಕಾಬ್ ಆಡುವಾಗ ಬೆನ್ನ ಮೇಲೆ ಅಂಕಿ ಹಾಕುವ ರೂಢಿ ಇರಲಿಲ್ಲವಂತೆ. ಇಪ್ಪತ್ತೆರಡು ವರ್ಷ ಒಂದೇ ತಂಡ ಅನ್ನುವುದು ಕಲ್ಲಿನಾಥನ ತಲೆಯಲ್ಲಿ ಕೂತುಬಿಟ್ಟಿತು. ಮುಂದೆ ಕನ್ನಡದವರ ತಂಡ ಕಟ್ಟಿದಾಗ, "ಡೆಟ್ರಾಯಿಟ್ಟಿನವರು ಯಾರಿಗೂ ಕೊಡದಿದ್ರ ನಾನು ಹಾಕ್ಕೋತೀನಿ" ಎಂದು ಆರನ್ನೇ ಆರಿಸಿದ್ದ.

ವಾಲ್ಟ್ ಹುಟ್ಟಿ ಬೆಳೆದದ್ದು ಷಿಕಾಗೋದ ದಕ್ಷಿಣ ಭಾಗದಲ್ಲಿ. ಅವನೇ ಇನ್ನೊಂದು ಸಂಗತಿಯನ್ನೂ ಹೇಳಿದ್ದ. ಅಲ್ಲಿನ ವೈಟ್ ಸಾಕ್ಸ್ ತಂಡದವರು ಹೆರಾಲ್ಡ್ ಬೇನ್ಸ್ ಎಂಬ ಆಟಗಾರನನ್ನು ಟೆಕ್ಸಸ್ ತಂಡಕ್ಕೆ ಕೊಟ್ಟು ಕಳಿಸಿದರು. ಮೂರು ವಾರ ಕಳೆಯಿತು. ಅವನು ಎದುರಾಳಿಯಾಗಿ ಅದೇ ಮೈದಾನಕ್ಕೆ ಬಂದಾಗ, ಕರೆದು ನಿಲ್ಲಿಸಿ, ಅವನ ಮೂರನೇ ನಂಬರಿಗೆ ನಿವೃತ್ತಿ ಕೊಟ್ಟು ಚಪ್ಪಾಳೆ ತಟ್ಟಿದರು.

ಮೊದಲು ಹೊರಗೆ ಹಾಕು, ಆಮೇಲೆ ಚಪ್ಪಾಳೆ. ಕಲ್ಲಿನಾಥನಿಗೆ ಗುರುವಾರ ರಾತ್ರಿ ಊಟಕ್ಕೆ ಕೂತಾಗ ಎಲ್ಲ ಹೊಳೆಯಿತು. ಇವರು ನನ್ನ ನಂಬರಿಗೆ ನಿವೃತ್ತಿ ಕೊಡುತ್ತಿದ್ದಾರೆ. ಶಾಲು ಹೊದಿಸುತ್ತಾರೆ.

ಶಾಲಿನ ಗುಣ ಅವನಿಗೆ ಚೆನ್ನಾಗಿ ಗೊತ್ತಿತ್ತು. ಕನ್ನಡ ಕೂಟದಲ್ಲಿ ನಾಟಕ ಆಡಿಸುತ್ತಿದ್ದವರಿಗೆ ಒಂದು ಯುಗಾದಿಗೆ ಶಾಲು ಹೊದಿಸಿದರು, ಅದೇ ಅವರ ಕೊನೆಯ ನಾಟಕ. ಇಪ್ಪತ್ತು ವರ್ಷ ಅಡುಗೆಯ ಉಸ್ತುವಾರಿ ನೋಡಿದ ತಾಯಮ್ಮನವರಿಗೆ ಶಾಲು, ಹಣ್ಣಿನ ಬುಟ್ಟಿ. ಮರುವರ್ಷದಿಂದ ಕೇಟರಿಂಗ್. ಶಾಲು ಹೊದ್ದವರಿಗೆ ಆಮೇಲೆ ಯಾರೂ ಫೋನ್ ಮಾಡುವುದಿಲ್ಲ. ಹೋಗು ಅಂದರೆ ಜಗಳ ಆಡಬಹುದು. ನೂರು ಜನ ಎದ್ದು ನಿಂತು ಚಪ್ಪಾಳೆ ತಟ್ಟುವಾಗ ಯಾರ ಜೊತೆ ಜಗಳ ಆಡುವುದು?

ಶುಕ್ರವಾರ ಅವನು ಅಂಗಡಿಯಿಂದ ಕಡುನೀಲಿ ಟೀ ಶರ್ಟ್ ಒಂದನ್ನು ತಂದ. ಗ್ಯಾರೇಜಿನಲ್ಲಿ ಅದನ್ನು ಹಲಗೆಯ ಮೇಲೆ ಎಳೆದು ಕಟ್ಟಿ, ಬಿಳಿ ವಿನೈಲ್ ಟೇಪು ಕತ್ತರಿಸಿ ಬೆನ್ನ ಮೇಲೆ ಆರು ಅಂಟಿಸಿದ. ಸ್ಕೇಲು ಇಟ್ಟು ಅಳೆದೇ ಅಂಟಿಸಿದ್ದು. ಆದರೂ ಎಡಕ್ಕೆ ವಾಲಿತು. ಟೇಪು ಸರಿಯಿಲ್ಲ ಅಂದುಕೊಂಡ.

ಪ್ರಸಾದ್ ಮತ್ತು ಉಳಿದವರು ಶುಕ್ರವಾರ ಸಂಜೆಯೇ ಹೊರಟು ಹೋಗಿದ್ದರು. ಪಂದ್ಯ ಷಿಕಾಗೋ ಸಮಯ ಹನ್ನೊಂದಕ್ಕೆ. "ಏಳಕ್ಕ ಹೊಂಟ್ರ ಸಾಕ್ರಿ" ಎಂದು ಶ್ರೀಲತಾ ಮೂರು ಸಲ ಹೇಳಿದಳು. ಮೂರು ಸಲ ಹೇಳಿದ್ದರಿಂದಲೇ ಅವನು ಶನಿವಾರ ಬೆಳಗಿನ ಐದಕ್ಕೇ ಕಾರು ಹೊರಗೆ ತೆಗೆದ.

"ನಾ ಡ್ರೈವ್ ಮಾಡತೀನಿ" ಎಂದಳು ಅವಳು. ಆಗಲೇ ಚಾಲಕನ ಸೀಟಿನಲ್ಲಿ ಕೂತಾಗಿತ್ತು.

"ಯಾಕ?"

"ನಿಮಗ ಆಡೂದೈತಲ್ಲ. ಕಾಲಿಗೆ ಆರಾಮ ಬೇಡೇನು?"

ಕಲಮಜೂ ಊರು ದಾಟಿತು. ಆಮೇಲೆ ಅವನು ಕೇಳಿದ, "ನೀನೂ ಆ ಗ್ರೂಪಿನಾಗ ಅದೀಯೇನು?"

"ಯಾವ ಗ್ರೂಪ್ರಿ?"

"ಗೊತ್ತಿಲ್ಲದವರು ಹಂಗ ಕೇಳಂಗಿಲ್ಲ. 'ಏನಂದ್ರಿ' ಅಂತಾರ."

ಶ್ರೀಲತಾ ಎಕ್ಸಿಟ್ ನೋಡುವವಳ ಹಾಗೆ ರಸ್ತೆ ನೋಡಿದಳು. ಎಕ್ಸಿಟ್ ಇನ್ನೂ ಒಂಬತ್ತು ಮೈಲಿ ದೂರವಿತ್ತು.

ಗಡಿಯಾರ ಒಂದು ಗಂಟೆ ಹಿಂದಿರುವ ಊರಿಗೆ ಅಲ್ಲಿನ ಎಂಟೂವರೆಗೆ ತಲುಪಿದರು. ಉದ್ದುದ್ದ ಗೋದಾಮುಗಳನ್ನು ದಾಟಿದರೆ ಪಾರ್ಕು, ಅದರ ಆಚೆ ಮೈದಾನ. ತಲೆಯ ಮೇಲೆ ವಿಮಾನಗಳು ಒಂದರ ಹಿಂದೊಂದು ಇಳಿಯುತ್ತಿದ್ದವು. ಶ್ರೀಲತಾ ಕಾರು ನಿಲ್ಲಿಸುವುದರೊಳಗೆ ಕಲ್ಲಿನಾಥ ಇಳಿದು ಬೇಲಿಯ ಕಡೆ ನಡೆದ. ನಾಲ್ಕು ಹೆಜ್ಜೆಗೆ ನಿಂತ.

ಬೇಲಿಯ ಪಕ್ಕದ ಮೇಜಿನ ಮೇಲೆ ಅವನ ಅಂಗಿ ಇತ್ತು. ಕರಿ ಮರದ ಚೌಕಟ್ಟು, ಗಾಜು, ಒಳಗೆ ಕೈ ಚಾಚಿ ಮಲಗಿದ ಆರನೇ ನಂಬರಿನ ನೀಲಿ ಜೆರ್ಸಿ. ಚೌಕಟ್ಟಿಗೆ ಸೇವಂತಿಗೆಯ ದಪ್ಪ ಹಾರ. ಗಾಜಿನ ನೆತ್ತಿಗೆ ಕುಂಕುಮದ ಬೊಟ್ಟು. ಮುಂದೆ ಎರಡು ಊದುಬತ್ತಿ ಹೊಗೆಯಾಡುತ್ತಿದ್ದವು.

ಬಿಳಿ ಸೀರೆಯ ಮೇಲೆ ಸ್ವೆಟರ್ ಹಾಕಿದ ಒಬ್ಬ ಮುದುಕಿ ಅದರೆದುರು ಕೈ ಮುಗಿದು ನಿಂತಿದ್ದರು. ಷಿಕಾಗೋ ತಂಡದ ಕ್ಯಾಪ್ಟನ್ ರವಿಶಂಕರನ ತಾಯಿ ನಿಂಗಮ್ಮ, ಮಂಡ್ಯದಿಂದ ಬಂದು ಒಂದು ತಿಂಗಳಾಗಿತ್ತು. ಕಾಲಿನ ಸದ್ದಿಗೆ ತಿರುಗಿದರು.

"ಬಾಪ್ಪ. ನೀನೂ ಡೆಟ್ರಾಯಿಟ್ ಕಡೆಯೋನಾ?"

"ಹೌದ್ರಿ."

"ಪಾಪ, ಎಷ್ಟು ವಯಸ್ಸಾಗಿತ್ತಪ್ಪ ಇವ್ರಿಗೆ?"

"ಐವತ್ತೇಳು" ಅಂದ ಕಲ್ಲಿನಾಥ.

"ಅಯ್ಯೋ ಶಿವನೇ. ಸಾಯೋ ವಯಸ್ಸಾ ಅದು? ನಿಂಗೇನಾಗಬೇಕಿತ್ತು?"

"ನನಗ..." ಎಂದು ಶುರು ಮಾಡಿದವನು ತಡೆಯಲಾಗದೆ ಕೂಗಿದ, "ಅದು ನಾನಽ ರೀ ಯವ್ವಾ! ನಾ ಇನ್ನೂ ಸತ್ತಿಲ್ಲ!"

ನಿಂಗಮ್ಮ ಎರಡು ಹೆಜ್ಜೆ ಹಿಂದೆ ಸರಿದರು. ಕೂಗಿಗೆ ಶಾಮಿಯಾನದ ಹಿಂದಿನಿಂದ ಪ್ರಸಾದ್, ರವಿಶಂಕರ, ತೇಜಸ್ವಿನಿ ಓಡಿ ಬಂದರು. ಪ್ರಸಾದನ ಕೈಯಲ್ಲಿ ಮೈಸೂರು ಪೇಟ, ತೇಜಸ್ವಿನಿಯ ಹೆಗಲ ಮೇಲೆ ಮಡಿಚಿದ ಶಾಲು.

"ಸರ್! ನೀವು ಇಷ್ಟು ಬೇಗ..."

"ಬೇಗ ಬರದಿದ್ರ ತಿಥಿನೂ ಮಾಡಿ ಮುಗಸ್ತಿದ್ರೇನಲೇ? ಎಳ್ಳು ನೀರು ಎಲ್ಲಿ ಇಟ್ಟೀರಿ?"

"ಅಯ್ಯೋ ಸರ್, ಹಾರ ನಿಮ್ಗೆ ಹಾಕೋಕೆ ತಂದಿದ್ದು! ಕೆಳಗಿಟ್ರೆ ಇರುವೆ ಹತ್ತುತ್ತೆ ಅಂತ ಫ್ರೇಮಿಗೆ ನೇತಾಕಿದೆ. ಊದುಬತ್ತಿ ಯಾರು ಹಚ್ಚಿದ್ದು?"

"ನಾನೇ ಕಣಪ್ಪ" ಅಂದರು ನಿಂಗಮ್ಮ. "ಹಾರ ಹಾಕಿದ ಫೋಟೋ ಕಂಡ್ರೆ ಬತ್ತಿ ಹಚ್ಚದೆ ಹೆಂಗಿರೋದು? ಫೋಟೋದಲ್ಲಿ ಬರೀ ಅಂಗಿ ಇತ್ತು. ಅಮೇರಿಕಾದಲ್ಲಿ ಹಿಂಗೇ ಮಾಡ್ತಾರೇನೋ ಅಂದ್ಕೊಂಡೆ."

ರವಿಶಂಕರ ನಗು ತಡೆಯಲು ಹೋಗಿ ಕೆಮ್ಮಿದ. ಕಲ್ಲಿನಾಥನಿಗೆ ನಗು ಬರಲಿಲ್ಲ. ಟೇಪಿನ ಆರು ಎಲ್ಲರಿಗೂ ಕಾಣಲಿ ಎಂದು ಬೆನ್ನು ತಿರುಗಿಸಿದ.

"ನೋಡ್ರಿ. ಅಂಗಿ ಕದ್ದರ ಆಟ ಕದ್ದಂಗಲ್ಲ. ನಾ ಇವತ್ತು ಫಸ್ಟ್ ಬೇಸಿನಾಗ ನಿಂದರಾಂವ. ಯಾರು ಮಾಡಿದ್ದಿದು? ನನ್ನ ತೆಗೀಬೇಕಂತ ಮೊದಲು ಹೇಳಿದಾಂವ ಯಾವಾಂವ?"

ಪ್ರಸಾದ್ ಪೇಟವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ತೇಜಸ್ವಿನಿ ನೆಲ ನೋಡಿದಳು.

"ನಾನು" ಎಂದಳು ಶ್ರೀಲತಾ, ಹಿಂದಿನಿಂದ.

ಅವನು ತಿರುಗಿದ.

"ಮೇ ತಿಂಗಳಾಗ ಕಣ್ಣಿನ ಡಾಕ್ಟರ್ ಹತ್ರ ಹೋಗಿದ್ರಿ. ಎಡಗಣ್ಣಿಗೆ ಪೊರಿ ಬಂದೈತಿ, ಆಪರೇಷನ್ ಮಾಡಬೇಕು ಅಂದಾರ. ಚೀಟಿ ನಿಮ್ಮ ಪ್ಯಾಂಟಿನ ಕಿಸೇದಾಗ ಸಿಕ್ತು. ನೀವಾಗೇ ಹೇಳತೀರೇನು ಅಂತ ಒಂದು ತಿಂಗಳು ಕಾದೆ. ಟೇಬಲ್ಲು ವಾಲೇತಿ ಅಂದ್ರಿ. ಬಿಸಿಲು ಕಣ್ಣಿಗೆ ಹೊಡದೈತಿ ಅಂದ್ರಿ. ಜೂನಿನಾಗ ಚೆಂಡು ಹುಬ್ಬಿಗೆ ಬಡಿದು ನಾಕು ಹೊಲಿಗಿ ಬಿದ್ದಾಗ, ಎಸೆದಾಂವಗ ಬೈದ್ರಿ."

"ಆ ಡಾಕ್ಟರ್ ಹೇಳಿದ್ದೆಲ್ಲಾ ಖರೇ ಅನ್ನಾಕ..."

"ಬಿಡ್ರಿ ಅಂದಿದ್ರ ಬಿಡತಿದ್ರೇನು? ಮನಿ ಒಡೆಯೂವಂಗ ಜಗಳ ತೆಗೀತಿದ್ರಿ. ಶಾಲು ಹೊದಿಸಿದ್ರ ನೀವು ಒಲ್ಲೆ ಅನ್ನಂಗಿಲ್ಲ. ಅದಕ್ಕ ನಾನಽ ಪ್ರಸಾದಗ ಫೋನ್ ಮಾಡಿದೆ. ಅಂಗಿನೂ ನಾನಽ ಕೊಟ್ಟೆ."

ಇಡೀ ವಾರ ಅವನು ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಅಳೆದಿದ್ದ. ಉತ್ತರ ಪಕ್ಕದ ಸೀಟಿನಲ್ಲಿ ಕೂತು ಇನ್ನೂರ ಎಂಬತ್ತು ಮೈಲಿ ಕಾರು ಓಡಿಸಿತ್ತು. ಇದು ಕೂಡ ಸುಳ್ಳಿರಬಹುದು ಅನ್ನಿಸಿತು. ಎಲ್ಲರೂ ಸೇರಿ ಕಣ್ಣಿನ ನೆಪ ಹೇಳುತ್ತಿರಬಹುದು.

"ತೇಜು, ಗ್ಲೌಸು ಕೊಡು" ಅಂದ. "ಆ ಮೂಲಿಗೆ ಹೋಗಿ ನಿಂತು ನನಗ ಚೆಂಡು ಒಗಿ. ಆಮೇಲ ಮಾತಾಡೂಣು."

ಅವಳು ಮೈದಾನದ ಆಚೆ ಮೂಲೆಗೆ ಹೋದಳು. ಅವನು ಫಸ್ಟ್ ಬೇಸಿನ ಮೇಲೆ ಕಾಲಿಟ್ಟು ನಿಂತ. ಸಾಫ್ಟ್‌ಬಾಲಿನ ಚೆಂಡು ಸಿಪ್ಪೆ ಸುಲಿದ ತೆಂಗಿನಕಾಯಿಯಷ್ಟು ದಪ್ಪ. ಕಾಣದಿರಲು ಅದೇನು ಸಾಸಿವೆಯೇ? ಮೊದಲನೆಯದು ಬಲಗಡೆಗೆ ಬಂತು. ಹಿಡಿದ. ಸದ್ದು ಕೇಳಿ ಶ್ರೀಲತಾಳ ಕಡೆ ನೋಡಿದ.

"ಎಡಕ್ಕ ಒಗಿ."

"ಬೇಡ ಅಂಕಲ್."

"ಒಗಿ ಅಂದ್ನಲ್ಲಾ!"

ಗ್ಲೌಸು ಇರುವುದೇ ಎಡಗೈಯಲ್ಲಿ. ಎಡಗಡೆಯ ಚೆಂಡು ಎಲ್ಲಕ್ಕಿಂತ ಸುಲಭ. ಅವನು ತೇಜಸ್ವಿನಿಯ ಕೈ ಮೇಲೆದ್ದದ್ದು ನೋಡಿದ, ಚೆಂಡು ಅವಳ ಕೈ ಬಿಟ್ಟದ್ದನ್ನೂ ನೋಡಿದ. ಆಮೇಲೆ ನಡುವೆ ಎಲ್ಲೋ ಹಾಲು ಬೆರೆಸಿದಂತಾಯಿತು. ಹಿಂದೆ ಬೇಲಿ ಧಡ್ ಅಂತು. ಅವನ ಗ್ಲೌಸು ಇನ್ನೂ ಗಾಳಿಯಲ್ಲಿ ಕಾಯುತ್ತಿತ್ತು.

ಯಾರೂ ನಗಲಿಲ್ಲ.

ಈ ತಂಡದಲ್ಲಿ ಒಂದು ರೂಢಿಯಿತ್ತು. ಚೆಂಡು ಬಿಟ್ಟವನು ಯಾರೇ ಇರಲಿ, ಎದುರು ತಂಡದವನೇ ಇರಲಿ, ಎಲ್ಲರೂ ಒಟ್ಟಿಗೆ "ಬೆಣ್ಣೇ!" ಎಂದು ಕೂಗಬೇಕು, ಕೈಗೆ ಬೆಣ್ಣೆ ಹಚ್ಚಿಕೊಂಡು ಬಂದಿದ್ದಾನೆ ಅಂತ. ಅದನ್ನು ಶುರು ಮಾಡಿದವನೇ ಕಲ್ಲಿನಾಥ. ಹತ್ತೊಂಬತ್ತು ವರ್ಷದಲ್ಲಿ ಯಾರನ್ನೂ ಬಿಟ್ಟಿರಲಿಲ್ಲ. ಪ್ರಸಾದನ ಮಾವ ಊರಿಂದ ಬಂದಾಗ ಅವರಿಗೂ ಕೂಗಿದ್ದರು. ಇವತ್ತು ಪ್ರಸಾದ್ ಪೇಟದ ಜರಿ ನೋಡುತ್ತಿದ್ದ. ರವಿಶಂಕರ ವಿಮಾನ ನೋಡುತ್ತಿದ್ದ. ತೇಜಸ್ವಿನಿ ಕಣ್ಣೊರೆಸಿಕೊಂಡಳು.

ಇವರು ಸುಳ್ಳು ಹೇಳುತ್ತಿದ್ದರೆ ನಗುತ್ತಿದ್ದರು. ಅದನ್ನು ಅಳೆಯಲು ಅವನಿಗೆ ಯಾವ ಉಪಕರಣವೂ ಬೇಕಾಗಲಿಲ್ಲ. ಟೇಬಲ್ಲು ವಾಲಿರಲಿಲ್ಲ.

ಅವನು ನಿಧಾನಕ್ಕೆ ನಡೆದು ಮೇಜಿನ ಬಳಿ ಬಂದ. ಊದುಬತ್ತಿ ಕಿತ್ತು ಮಣ್ಣಿಗೆ ಚುಚ್ಚಿದ. ಹಾರ ತೆಗೆದು ಪಕ್ಕಕ್ಕಿಟ್ಟ. ಚೌಕಟ್ಟನ್ನು ಬೋರಲು ಮಾಡಿ ಹಿಂಬದಿಗೆ ಮುಖವಿಟ್ಟು ಬಲಗಣ್ಣಿನಿಂದ ನೋಡಿದ. ಹಲಗೆಗೆ ಅಂಟು ಹಾಕಿರಲಿಲ್ಲ, ಮೊಳೆ ಹೊಡೆದಿರಲಿಲ್ಲ. ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ.

"ಇದನ್ನ ಸ್ಕ್ರೂ ಹಾಕಿ ಯಾಕ ಮಾಡೀರಿ? ಇಂಥಾವಕ್ಕ ಎಲ್ಲಾ ಕಡೆ ಅಂಟು ಹಾಕತಾರ."

"ಮೇಡಮ್ ಹೇಳಿದ್ರು ಸರ್" ಅಂದ ಪ್ರಸಾದ್. "ಯಾವಾಗ ಬೇಕಾದ್ರೂ ಬಿಚ್ಚೋ ಹಾಗಿರ್ಬೇಕು ಅಂತ. ಖಾಲಿ ಫ್ರೇಮನ್ನ ಮೊದ್ಲೇ ಮಾಡಿಸಿ, ಅಂಗಡಿಯವನಿಗೆ ಎರಡು ಸಲ ವಾಪಸ್ ಕೊಟ್ವಿ."

ಕಲ್ಲಿನಾಥ ಹೆಂಡತಿಯನ್ನು ನೋಡಿದ. ಅವಳೂ ನೋಡಿದಳು, ಈ ಸಲ ತಲೆ ಎತ್ತಿ.

"ಅಕ್ಟೋಬರಿನಾಗ ಆಪರೇಷನ್ನಿಗೆ ಡೇಟ್ ತಗೊಂಡೀನಿ" ಎಂದಳು. "ನಿಮ್ಮನ್ನ ಕೇಳದಽ."

"ಹೆರಾಲ್ಡ್ ಬೇನ್ಸ್ ಗೊತ್ತೇನಲೇ ನಿಮಗ?" ಅವನು ರವಿಶಂಕರನ ಕಡೆ ತಿರುಗಿದ. "ನಿಮ್ಮೂರಿನಾಂವ. ಹೊರಗ ಕಳಿಸಿ ನಂಬರಿಗೆ ರಿಟೈರ್‌ಮೆಂಟ್ ಕೊಟ್ರು. ಏಳು ವರ್ಷಕ್ಕ ವಾಪಸ್ ಬಂದು ಅದಽ ಮೂರನೇ ನಂಬರ್ ಹಾಕ್ಕೊಂಡು ಆಡಿದ. ಆ ಸ್ಕ್ರೂಕ್ಕ ಎಣ್ಣಿ ಹಾಕಿ ಇಡ್ರಿ. ಏನ್ ನೋಡತೀ ಪ್ರಸಾದ, ತಾ ನಿನ್ನ ಪೇಟ."

ಹತ್ತೂವರೆಗೆ ಎರಡೂ ತಂಡದ ಮನೆಯವರು ಸೇರಿದ ಮೇಲೆ ಶಾಲು, ಪೇಟ, ಹಾರ ಎಲ್ಲ ಆಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಿಂಗಮ್ಮ ಎಲ್ಲರಿಗಿಂತ ಜೋರಾಗಿ ತಟ್ಟಿದರು. ಕಲ್ಲಿನಾಥ ಮುಖ ಗಂಟು ಹಾಕಿಕೊಂಡೇ ಕೈ ಮುಗಿದ. ಆಮೇಲೆ ಬೇಲಿಯ ಪಕ್ಕ ಕೂತು ತೇಜಸ್ವಿನಿಗೆ ಬೈಯುತ್ತ ಪಂದ್ಯ ನೋಡಿದ. ಅವಳು ಒಂದು ಚೆಂಡನ್ನೂ ಬಿಡಲಿಲ್ಲ. ಆದರೂ ನೋವೈ ಮೂರು ರನ್ನಿನಿಂದ ಸೋತಿತು.

ಈ ಪಂದ್ಯಕ್ಕೆ ಬಹುಮಾನದ ಕಪ್ ಇಲ್ಲ. ಗೆದ್ದವರು ಪಂಕ್ತಿಗೆ ಕೂರಬೇಕು, ಸೋತವರು ಬಡಿಸಬೇಕು. ಶಾಮಿಯಾನದ ಕೆಳಗೆ ಮೇಜು ಜೋಡಿಸಿ ಎಲೆ ಹಾಕಿದರು. ರವಿಶಂಕರ ಕುರ್ಚಿ ಎಳೆದ.

"ಬನ್ನಿ ಸರ್, ನೀವು ನಮ್ಮ ಜೊತೆ ಕೂತ್ಕೊಳ್ಳಿ. ನೀವಿವತ್ತು ಚೀಫ್ ಗೆಸ್ಟ್."

ಕಲ್ಲಿನಾಥ ಆ ಕುರ್ಚಿಯನ್ನು ಮೇಲಿಂದ ಕೆಳಗೆ ನೋಡಿದ. ಹೀಗೇ ಶುರುವಾಗುತ್ತದೆ. ಇವತ್ತು ಚೀಫ್ ಗೆಸ್ಟ್, ಮುಂದಿನ ವರ್ಷ ಬರೀ ಗೆಸ್ಟ್, ಅದರ ಮುಂದಿನ ವರ್ಷ ಫೋನೂ ಇಲ್ಲ.

"ಸೋತದ್ದು ಯಾರು?"

"ನೀವು... ನಿಮ್ಮ ಟೀಮು ಸರ್."

"ಮತ್ತ? ಸರಿ ಆ ಕಡೆ."

ಶಾಲು ಹೊದ್ದುಕೊಂಡೇ ಸಾಂಬಾರಿನ ಬಕೆಟ್ಟು, ಸೌಟು ಎತ್ತಿಕೊಂಡ. ಮೊದಲ ಎಲೆ ನಿಂಗಮ್ಮನವರದು. ಅನ್ನದ ಗುಳಿಗೆ ಗುರಿಯಿಟ್ಟು ಸೌಟು ಬಗ್ಗಿಸಿದ. ಸಾಂಬಾರು ಎಲೆಯ ಎಡಕ್ಕೆ, ಮೇಜಿನ ಮೇಲೆ ಹರಿಯಿತು.

ಕಲ್ಲಿನಾಥ ಸೌಟು ಹಿಡಿದು ನಿಂತ. ಪ್ರಸಾದ್ ಅನ್ನದ ತಟ್ಟೆಯನ್ನು ಎದೆಗೊತ್ತಿಕೊಂಡ. ಆಗ ಸಾಲಿನ ಕೊನೆಯಿಂದ, ಹಪ್ಪಳದ ಬುಟ್ಟಿ ಹಿಡಿದಿದ್ದ ತೇಜಸ್ವಿನಿ ಗಂಟಲು ಹರಿಯುವಂತೆ ಕೂಗಿದಳು:

"ಬೆಣ್ಣೇ!"

ಪಂಕ್ತಿಗೆ ಪಂಕ್ತಿಯೇ ಕೂಗಿತು. ಎಲೆಗಳು ನಡುಗಿದವು. ಪ್ರಸಾದನ ಕಣ್ಣಲ್ಲಿ ನಗುವಿಗೆ ನೀರು ಬಂತು. ನಿಂಗಮ್ಮನಿಗೆ ಏನೂ ತಿಳಿಯದಿದ್ದರೂ, "ಬೆಣ್ಣೆ ಎಲ್ಲಪ್ಪ ಬಂತು, ಇದು ಸಾಂಬಾರು" ಎಂದು ಇನ್ನಷ್ಟು ನಗಿಸಿದರು.

"ಯಾಕಲೇ, ಹಲ್ಲು ಕಿಸೀತೀರಿ? ಎಲೀನಽ ಸರಿಯಾಗಿ ಹಾಕಿಲ್ಲ ನೀವು!" ಎಂದು ಗದರಿಸುತ್ತ ಕಲ್ಲಿನಾಥ ಬಗ್ಗಿ, ಹೆಗಲ ಮೇಲಿನ ಶಾಲಿನ ತುದಿಯಿಂದ ಮೇಜು ಒರೆಸತೊಡಗಿದ.

"ಅಯ್ಯ, ಶಾಲು! ಅದು ರೇಷ್ಮಿದ್ರೀ!" ಎಂದು ಶ್ರೀಲತಾ ಆಚೆ ತುದಿಯಿಂದ ಚೀರಿದಳು.

ಅವನು ಕೇಳಿಸಿಕೊಳ್ಳಲಿಲ್ಲ. ಇನ್ನೊಂದು ಸೌಟು ತುಂಬಿ, ಬಲಗಣ್ಣು ಎಲೆಗೆ ನೆಟ್ಟು, ಕೈಯನ್ನು ನಾಲ್ಕು ಬೆರಳು ಬಲಕ್ಕೆ ತಂದ.